ಇಲ್ಲದ ಕಾರಿನ ಮಾಲೀಕ

ಗುಮಾಸ್ತನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದದ್ದು ಷಡ್ಡಕನ ಕಾರಲ್ಲ, ಆ ಕಾರಿನ ಕೀಗೊಂಚಲು. ಕಾರು ಕೊಂಡರೆ ಕೊಳ್ಳಲಿ, ಪ್ಲೈವುಡ್ ಅಂಗಡಿ ಇಟ್ಟವನಿಗೆ ಆ ಯೋಗ್ಯತೆ ಇದೆ. ಆದರೆ ಅದನ್ನು ನೋಂದಣಿ ಮಾಡಿಸಲು ವಾಹನ ಕಚೇರಿಗೆ ಬಂದವನು, ಅಷ್ಟೊಂದು ಕೌಂಟರುಗಳಿದ್ದರೂ ಗುಮಾಸ್ತನ ಕೌಂಟರನ್ನೇ ಹುಡುಕಿಕೊಂಡು ಬಂದು, ಗೊಂಚಲನ್ನು ಕಿಂಡಿಯೊಳಗೆ ಟಣ್ಣೆಂದು ಬಿಸಾಡಿ, "ಏನಪ್ಪಾ, ನಮ್ಮ ಗಾಡಿಗೂ ಒಂದು ನಂಬರ್ ಕೊಡು. ಒಳ್ಳೇದು ನೋಡಿ ಕೊಡು" ಅಂದನಲ್ಲ! ಕ್ಯೂನಲ್ಲಿದ್ದವರೆಲ್ಲ ನಕ್ಕರು. ನೋಂದಣಿಗೆ ಕಾರಿನ ಕೀ ತೋರಿಸಬೇಕೆಂಬ ನಿಯಮ ಯಾವ ದೇಶದಲ್ಲೂ ಇಲ್ಲ. ಗುಮಾಸ್ತನಿಗೆ ಅದು ಗೊತ್ತಿತ್ತು, ಷಡ್ಡಕನಿಗೂ ಗೊತ್ತಿತ್ತು.

ಆ ನಗುವನ್ನೂ ಅವನು ನುಂಗಿಕೊಳ್ಳುತ್ತಿದ್ದ. ಸರ್ಕಾರಿ ನೌಕರಿಯಲ್ಲಿ ನುಂಗುವುದು ಅಭ್ಯಾಸವಾಗಿರುತ್ತದೆ. ಆದರೆ ಮುಂದಿನ ಭಾನುವಾರ ನೆಂಟರ ಮನೆಯ ಊಟಕ್ಕೆ ಎಲ್ಲರೂ ಹೊರಟಾಗ ಅತ್ತೆ ದೊಡ್ಡ ಅಳಿಯನ ಹೊಸ ಕಾರಿನಲ್ಲಿ ಮುಂದೆ ಕುಳಿತರು, ದೊಡ್ಡ ಮಗಳು ಹಿಂದೆ ಕುಳಿತಳು, ಅವಳ ಪಕ್ಕದಲ್ಲಿ ಅವಳ ಕೈಚೀಲ ಕುಳಿತಿತು. ಗುಮಾಸ್ತನಿಗೂ ಅವನ ಹೆಂಡತಿಗೂ ಆಟೋ ಕರೆಸಲಾಯಿತು. ಆ ಆಟೋದಲ್ಲೂ ನೆಂಟರಿಗೆ ವಾಪಸು ಕೊಡಬೇಕಾದ ಪಾತ್ರೆಗಳು ಮೊದಲು ಹತ್ತಿದವು, ಉಳಿದ ಜಾಗದಲ್ಲಿ ಗಂಡಹೆಂಡತಿ ಹತ್ತಿದರು. ಹೆಂಡತಿ ತೊಡೆಯ ಮೇಲೆ ಒಂದು ದೊಡ್ಡ ಡಬರಿ ಇಟ್ಟುಕೊಂಡು ಕುಳಿತಳು. ದಾರಿಯುದ್ದಕ್ಕೂ ಅವಳ ಪರವಾಗಿ ಡಬರಿಯ ಮುಚ್ಚಳವೇ ಮಾತಾಡುತ್ತ ಬಂತು.

ಊಟದ ಮೇಜಿನಲ್ಲಿ ಅತ್ತೆ, ನೆಂಟರೆಲ್ಲ ಕೇಳುವ ಹಾಗೆ, ನಿಟ್ಟುಸಿರು ಬಿಟ್ಟರು.

"ನಮ್ಮ ಚಿಕ್ಕ ಅಳಿಯಂದ್ರದ್ದು ಒಂಥರಾ ನೋಡಿ. ಊರಲ್ಲಿರೋ ಕಾರಿಗೆಲ್ಲ ನಂಬರ್ ಕೊಡೋದು ಇವರೇ. ಮನೆ ಮುಂದೆ ಇರೋದು ಮಾತ್ರ ಸೈಕಲ್ಲು."

"ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರೆ," ಎಂದು ಷಡ್ಡಕ ಬಾಯಿ ಒರೆಸಿಕೊಂಡ. "ಇಲ್ಲಿ ಪೂಜಾರಿಗೇ ವರ ಇಲ್ಲ."

"ನಾನೂ ಬುಕ್ ಮಾಡಿದೀನಿ, ಅತ್ತೆ," ಎಂದಿತು ಒಂದು ದನಿ. "ಈ ತಿಂಗಳಲ್ಲೇ ಬರುತ್ತೆ."

ಇದನ್ನು ಯಾರು ಹೇಳಿದರು ಎಂದು ಗುಮಾಸ್ತನೂ ಎಲ್ಲರ ಜೊತೆ ತಿರುಗಿ ನೋಡುವುದರಲ್ಲಿದ್ದ. ಅಷ್ಟರಲ್ಲಿ ತನ್ನನ್ನೇ ನೋಡುತ್ತಿದ್ದ ಹೆಂಡತಿಯ ಮುಖ ಕಂಡಿತು. ಪಾತ್ರೆಯ ಹಿಂದೆ ಬಾಡಿ ಕುಳಿತಿದ್ದ ಆ ಮುಖ ಈಗ ಸ್ವಿಚ್ ಒತ್ತಿದ ಹಾಗೆ ಬೆಳಗುತ್ತಿತ್ತು. ಮದುವೆಯಾದಾಗಿನಿಂದ ತಾನು ಆ ಮುಖವನ್ನು ಅಷ್ಟು ಬೆಳಗಿಸಿದ್ದೇ ಇಲ್ಲ ಎಂದು ಅವನಿಗೆ ಹೊಳೆಯಿತು. ಅದನ್ನು ಈಗ ಆರಿಸುವ ಧೈರ್ಯ ಅವನಿಗಿರಲಿಲ್ಲ. ಅವನಿಗೆ ಹೆಂಡತಿಯೆಂದರೆ ಪ್ರೀತಿ. ಅವನ ಅಪರಾಧಕ್ಕೆ ಬೇರೆ ಕಾರಣ ಹುಡುಕುತ್ತ ಕೂರುವುದು ಬೇಡ.

ಕಾರು ಕೊಳ್ಳುವುದು ಅವನ ಸಂಬಳದ ಮಾತಾಗಿರಲಿಲ್ಲ. ಕಾರು ಕದಿಯುವುದು ಅವನ ಸ್ವಭಾವದ ಮಾತಾಗಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ದಾರಿ ಬೇಕು. ಕಚೇರಿಯಲ್ಲಿ ಕಡತಗಳ ಗೋಡೆಯ ಹಿಂದೆ ಟೀ ಕುಡಿಯುತ್ತ ಅವನು ಯೋಚಿಸಿದ. ಕಾರು ಎಂದರೆ ಏನು? ತಗಡು, ಗಾಜು, ನಾಲ್ಕು ಚಕ್ರ ಎಂದು ಸಾಮಾನ್ಯ ಜನ ತಿಳಿದಿದ್ದಾರೆ. ಇಷ್ಟು ವರ್ಷ ನೋಂದಣಿ ವಿಭಾಗದಲ್ಲಿ ಕೂತವನಿಗೆ ಗೊತ್ತು, ಕಾರು ಎಂದರೆ ಒಂದು ಕಡತ. ಕಡತವಿಲ್ಲದ ಕಾರನ್ನು ಸರ್ಕಾರ ಕಾರೆಂದು ಒಪ್ಪುವುದಿಲ್ಲ. ಹಾಗಾದರೆ ಕಾರಿಲ್ಲದ ಕಡತವನ್ನು ಒಪ್ಪಬಾರದೇಕೆ?

ಈ ಪ್ರಶ್ನೆ ಹುಟ್ಟಿದ ಮೇಲೆ ಉಳಿದದ್ದೆಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬಂತು. ಅವನು ಒಂದು ಕಾರನ್ನು ಹುಟ್ಟಿಸುತ್ತಾನೆ. ಅದಕ್ಕೆ ನಂಬರ್ ಕೊಡುತ್ತಾನೆ, ತನ್ನ ಹೆಸರಿನ ನೋಂದಣಿ ಕಾರ್ಡ್ ಮಾಡಿಸುತ್ತಾನೆ. ಶೋರೂಮಿನಿಂದ ಅದು ಮನೆಗೆ ಬರುವ ದಿನವೇ, ಹೆಂಡತಿಯ ಕಣ್ಣಿಗೆ ಬೀಳುವ ಮೊದಲೇ, ಅದು ಕಳುವಾಗುತ್ತದೆ. ಆಹಾ, ಕಳುವಾದ ಕಾರು! ಅದಕ್ಕೆ ಪೆಟ್ರೋಲ್ ಬೇಡ, ನಿಲ್ಲಿಸಲು ಜಾಗ ಬೇಡ. ಗೀರು ಬೀಳುವುದಿಲ್ಲ. ಷಡ್ಡಕನ ಕಾರಿನ ಪಕ್ಕದಲ್ಲಿ ನಿಲ್ಲಿಸಿ ಯಾವುದು ಚಿಕ್ಕದು ಎಂದು ಅಳೆಯುವಂತಿಲ್ಲ. ಸತ್ತ ಎಮ್ಮೆಗೆ ಹಾಲು ಹೆಚ್ಚು ಅಂತಾರಲ್ಲ, ಹೋದ ಕಾರಿನ ಮೈಲೇಜನ್ನು ವರ್ಷವರ್ಷವೂ ಏರಿಸುತ್ತ ಹೋಗಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಷಡ್ಡಕನೇ ಮನೆಗೆ ಬಂದು ಸಮಾಧಾನ ಹೇಳಬೇಕಾಗುತ್ತದೆ.

ವಿಮೆಯವರನ್ನು ಒಂದು ಪೈಸೆ ಕೇಳಬಾರದು ಎಂದು ಅವನು ಮೊದಲೇ ನಿಶ್ಚಯಿಸಿದ. ಪ್ರಾಮಾಣಿಕತೆ ಇರಲಿ, ದುಡ್ಡು ಕೇಳಿದ ಕೂಡಲೇ ಜನಕ್ಕೆ ಬುದ್ಧಿ ಬರುತ್ತದೆ. ಪೆದ್ದ ಕಳ್ಳರೆಲ್ಲ ಸಿಕ್ಕಿಬೀಳುವುದು ಆಸೆಯಿಂದ. ತನಗೆ ಆಸೆಯಿಲ್ಲ, ಸ್ವಲ್ಪ ಮರ್ಯಾದೆ ಸಾಕು.

ಬಣ್ಣ ಬಿಳಿ ಎಂದು ಬರೆದ. ಮಾಡೆಲ್, ಬೀದಿಗೆ ಹತ್ತಾರು ಇರುವಂಥದ್ದು. ಅಂಥ ಬಿಳಿ ಕಾರೆಂದರೆ ಕಾಗೆಯ ಹಾಗೆ, ನೋಡಿದ್ದು ಯಾವ ಕಾಗೆ ಎಂದು ಯಾರೂ ನೆನಪಿಡುವುದಿಲ್ಲ. ಶೋರೂಮಿನ ಬಿಲ್ಲಿಗೆ ತೊಂದರೆಯಿರಲಿಲ್ಲ. ಅಲ್ಲಿಯ ಏಜೆಂಟ್ ಎಂಥ ಸೋಮಾರಿಯೆಂದರೆ, ಸಹಿ ಹಾಕಿದ ಖಾಲಿ ಬಿಲ್ಲುಗಳ ಕಟ್ಟನ್ನೇ ಗುಮಾಸ್ತನ ಡ್ರಾಯರಿನಲ್ಲಿ ಇಟ್ಟು, "ನೀವೇ ತುಂಬ್ಕೊಳಿ ಸಾರ್" ಎಂದು ಹೋಗಿದ್ದ. ಅವನ ಕೈಯಲ್ಲಿ ವಿಮೆಯ ಕಾಗದವೂ ಹಾಗೇ ಬರುತ್ತಿತ್ತು.

ಕಷ್ಟದ್ದೆಂದರೆ ಚಾಸಿಸ್ ನಂಬರ್. ಕಾರಿನ ಅಡಿಗಟ್ಟಿನ ಲೋಹದಲ್ಲಿ ಒತ್ತಿರುವ ಆ ಸಂಖ್ಯೆಯ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಅಚ್ಚನ್ನು ಕಡತಕ್ಕೆ ಅಂಟಿಸಬೇಕು. ಅಚ್ಚು ಇದ್ದರೆ ಕಾರು ಇದೆ ಎಂದೇ ಕಚೇರಿಯ ನಂಬಿಕೆ. ಗುಮಾಸ್ತ ಎರಡು ದಿನ ಮನೆಯ ಲೋಹದ ಸಾಮಾನುಗಳ ತಳವನ್ನೆಲ್ಲ ತಿರುಗಿಸಿ ನೋಡಿದ. "ಏನ್ ಹುಡುಕ್ತಿದೀರಾ ರೀ?" ಎಂದು ಹೆಂಡತಿ ಕೇಳಿದಾಗ "ತುಕ್ಕು" ಎಂದ. ಕೊನೆಗೆ ಅವಳು ಪಕ್ಕದ ಮನೆಗೆ ಹೋದ ಹೊತ್ತು ನೋಡಿ, ಅವಳ ಹೊಲಿಗೆ ಯಂತ್ರದ ಹೊಟ್ಟೆಯ ಕೆಳಗೆ ಕಾಗದವಿಟ್ಟು ಉಜ್ಜಿದ. ಎಂಥ ಅಚ್ಚುಕಟ್ಟಾದ ಸಂಖ್ಯೆ! ಅಂಕಿ ಸಾಲದೆ ಬಂದದ್ದಕ್ಕೆ ಗ್ಯಾಸ್ ಸಿಲಿಂಡರಿನ ಕತ್ತಿನಿಂದ ಒಂದಿಷ್ಟು ಸೇರಿಸಿದ. ಎಂಜಿನ್ ನಂಬರಿಗೆ ಬಾವಿಯ ಪಂಪ್ ಮೋಟರು ಒದಗಿತು. ಸಂಜೆ ಹೆಂಡತಿ ಬಂದು ಯಂತ್ರದ ಮುಂದೆ ಕುಳಿತು ಕಾಲಾಡಿಸತೊಡಗಿದಾಗ ಗುಮಾಸ್ತನಿಗೆ ಉಕ್ಕಿಬಂದ ನಗುವನ್ನು ತಡೆಯಲು ಹಿತ್ತಲಿಗೆ ಹೋಗಬೇಕಾಯಿತು. ಕಾನೂನಿನ ಪ್ರಕಾರ ಅವಳು ಆಗ ಅವನ ಕಾರಿನ ಮೇಲೆ ದಿಂಬಿನ ಗವುಸು ಹೊಲಿಯುತ್ತಿದ್ದಳು.

ಉಳಿದದ್ದು ಬ್ರೇಕ್ ಇನ್ಸ್‌ಪೆಕ್ಟರ ಸಹಿ. ವಾಹನ ತಪಾಸಣೆಯ ಅಧಿಕಾರಿಗೆ ಜನ ಇಟ್ಟ ಹೆಸರು ಅದು. ಹೊಸ ವಾಹನ ಕಚೇರಿಯ ಅಂಗಳಕ್ಕೆ ಬರಬೇಕು, ಅವರು ಇಳಿದು ಬಂದು ನೋಡಬೇಕು, ಆಮೇಲೆ ಸಹಿ. ಆದರೆ ಅವರಿಗೆ ಮಂಡಿನೋವು, ಅಂಗಳಕ್ಕೆ ಮೆಟ್ಟಿಲು. ಹಾಗಾಗಿ ಊಟವಾದ ಮೇಲೆ ಕಿಟಕಿಯಿಂದ ಅಂಗಳವನ್ನು ಒಟ್ಟಾರೆಯಾಗಿ ನೋಡಿ, ಕಡತಗಳಿಗೆ ಒಟ್ಟಾರೆಯಾಗಿ ಸಹಿ ಮಾಡುತ್ತಿದ್ದರು. ಗುಮಾಸ್ತ ತನ್ನ ಕಡತವನ್ನು ಕಟ್ಟಿನ ನಡುವೆ ಇಟ್ಟ. ಮೇಲಿದ್ದರೆ ಕಣ್ಣು ತಾಜಾ ಇರುತ್ತದೆ, ಕೆಳಗಿದ್ದರೆ ಕೊನೆಯದೆಂದು ಗಮನ ಬರುತ್ತದೆ.

"ಇದೇನ್ರೀ, ನಿಮ್ಮ ಹೆಸರು!" ಎಂದು ಅವರ ಪೆನ್ನು ನಿಂತಿತು.

ಗುಮಾಸ್ತ ಕಡತದ ಕಡೆಗೆ ಬಗ್ಗಿದ. "ಹೌದು ಸಾರ್. ಒಂದು ಸಣ್ಣ ಗಾಡಿ."

"ಯಾವುದು? ಆ ಬಿಳೀದಾ?"

ಅಂಗಳದಲ್ಲಿ ಬಿಳಿಯವೇ ಏಳೆಂಟಿದ್ದವು. ಗುಮಾಸ್ತ ಕಿಟಕಿಯ ಕಡೆಗೆ ನಾಚಿಕೆಯಿಂದ ನೋಡಿದ. "ಅದೇ ಸಾರ್."

"ಚೆನ್ನಾಗಿದೆ ಕಣ್ರೀ. ಗಟ್ಟಿ ಗಾಡಿ," ಎಂದು ಬ್ರೇಕ್ ಇನ್ಸ್‌ಪೆಕ್ಟರು ಹೊಲಿಗೆ ಯಂತ್ರಕ್ಕೆ ಸಹಿ ಮಾಡಿದರು. "ಸ್ವೀಟ್ ಎಲ್ಲಿ?"

ಸ್ವೀಟ್ ತರಿಸಿದ. ಇಡೀ ವಿಭಾಗ ತಿಂದಿತು. ಕೈಕುಲುಕಿದವರಲ್ಲಿ ಇಬ್ಬರು "ಕಲರ್ ಸೂಪರ್" ಎಂದರು. ನಂಬರನ್ನು ಅವನು ಒಳ್ಳೆಯದು ನೋಡಿಯೇ ಕೊಟ್ಟುಕೊಂಡ, ಷಡ್ಡಕನಿಗೆ ಕೊಟ್ಟದ್ದಕ್ಕಿಂತ ಒಳ್ಳೆಯದು. ಕಾರ್ಡ್ ಬಂದ ಸಂಜೆ ಹೆಂಡತಿಯ ಕೈಗಿಟ್ಟಾಗ ಅವಳು ಅದನ್ನು ಸೆರಗಿನಲ್ಲಿ ಒರೆಸಿ, ಎರಡೂ ಕಡೆ ತಿರುಗಿಸಿ ನೋಡಿ, ಕನ್ನಡಿಗೆ ಸಿಕ್ಕಿಸಿ ಇಟ್ಟಳು. ಬೀಗದ ಕೈ ಮಾಡುವವನಿಂದ ಮಾಡಿಸಿ ತಂದ ಕೀಯನ್ನೂ ಅವಳಿಗೆ ತೋರಿಸಿದ. ಆ ಕೀಗೆ ಜಗತ್ತಿನಲ್ಲಿ ಬೀಗವಿರಲಿಲ್ಲ.

"ಮೊದಲು ಅಮ್ಮನ ಮನೆಗೆ ಹೋಗೋಣ ರೀ. ಮುಂದೆ ನಾನು ಕೂರ್ತೀನಿ," ಎಂದಳು.

"ನೀನೇ ಕೂರೋದು," ಎಂದ ಗುಮಾಸ್ತ. ಸುಳ್ಳು ಹೇಳುವುದು ಇಷ್ಟು ಕಷ್ಟವೆಂದು ಯಾರೂ ಅವನಿಗೆ ಹೇಳಿರಲಿಲ್ಲ.

ಕಳ್ಳತನದ ಜಾಗವನ್ನು ಅವನು ಬಹಳ ಎಚ್ಚರದಿಂದ ಆರಿಸಿದ. ತರಕಾರಿ ಮಾರುಕಟ್ಟೆಯ ಹಿಂಬದಿಯ ಬೀದಿ. ಸಂಜೆ ಅಲ್ಲಿ ಗಾಡಿಗಳು ಬರುತ್ತಲೂ ಹೋಗುತ್ತಲೂ ಇರುತ್ತವೆ. ಕೈಯಲ್ಲಿ ಹಣ್ಣಿನ ಚೀಲ ಇರಬೇಕು, ಅದು ಬೀಳಬೇಕು. ಯಾವ ಹಣ್ಣು? ಬಾಳೆಹಣ್ಣು ಬಿದ್ದರೆ ಬಿದ್ದಲ್ಲೇ ಇರುತ್ತದೆ. ಪಪ್ಪಾಯಿ ಒಡೆದರೆ ಜನ ದೂರ ಸರಿಯುತ್ತಾರೆ. ಕಿತ್ತಳೆ ಉರುಳುತ್ತದೆ, ಉರುಳಿದರೆ ಜನ ಓಡಿಬಂದು ಆರಿಸಿಕೊಡುತ್ತಾರೆ, ಆರಿಸಿಕೊಟ್ಟವರು "ಏನಾಯ್ತು" ಎಂದು ಕೇಳುತ್ತಾರೆ. ಕಿತ್ತಳೆಯೇ ಸರಿ.

ಎಲ್ಲವೂ ಅಂದುಕೊಂಡ ಹಾಗೆಯೇ ಆಯಿತು. ಒಂದು ಖಾಲಿ ಜಾಗದ ಮುಂದೆ ನಿಂತು, ಅದನ್ನು ನೋಡಿ, ಎಡಕ್ಕೂ ಬಲಕ್ಕೂ ನೋಡಿ, ಗುಮಾಸ್ತ ಕಿತ್ತಳೆಯನ್ನು ಬಿಟ್ಟ. "ನನ್ನ ಕಾರು! ಇಲ್ಲೇ ನಿಲ್ಲಿಸಿದ್ದೆ!" ಜನ ಸೇರಿತು. ಅವನು ನಿರೀಕ್ಷಿಸದೆ ಇದ್ದದ್ದು ಒಂದೇ, ಆ ಗುಂಪಿನ ಉತ್ಸಾಹ.

"ಬಿಳೀ ಕಾರಾ ಸಾರ್?" ಎಂದ ಈರುಳ್ಳಿ ವ್ಯಾಪಾರಿ. "ಈಗ ತಾನೇ ಹೋಯ್ತಲ್ಲ! ನಾನೇ ನೋಡ್ದೆ. ದಾಡಿ ಬಿಟ್ಟೋನು."

"ದಾಡಿ ಎಲ್ಲಿತ್ತು? ಮೀಸೆ," ಎಂದಳು ಸೊಪ್ಪಿನವಳು. "ಒಬ್ನಲ್ಲ, ಇಬ್ರು."

ಗುಮಾಸ್ತನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ತನ್ನ ಕಾರನ್ನು ತಾನೊಬ್ಬನೇ ನೋಡಿಲ್ಲ ಎನಿಸಿ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಪೊಲೀಸ್ ಠಾಣೆಯಲ್ಲಿ ಸಾಹೇಬರು ಅವನನ್ನು ಕಂಡೊಡನೆ ಎದ್ದು ಕುರ್ಚಿ ಕೊಟ್ಟರು. ಯಾವ ಗಾಡಿ ಯಾರದೆಂದು ಠಾಣೆಯವರು ಫೋನು ಮಾಡಿದಾಗಲೆಲ್ಲ ಥಟ್ಟನೆ ಹೇಳುತ್ತಿದ್ದವನು ಇವನೇ.

"ನಿಮ್ಮ ಗಾಡೀನೇ ಕದ್ರಾ? ಕಾವಲುಗಾರನ ಮನೆಗೇ ಕನ್ನ ಹಾಕ್ದಂಗಾಯ್ತಲ್ಲ! ಜೊತೇಲಿ ಯಾರಿದ್ರು ಸಾರ್?"

"ಯಾರೂ ಇಲ್ಲ. ನಾನೊಬ್ನೇ ಬಂದಿದ್ದೆ. ಮನೆಯವರಿಗೆ ಆಶ್ಚರ್ಯ ಆಗ್ಲಿ ಅಂತ."

ಈ ಉತ್ತರವನ್ನು ಅವನು ತೂಗಿ ಇಟ್ಟುಕೊಂಡಿದ್ದ. ಜೊತೆಗೆ ಒಬ್ಬನನ್ನು ಸೇರಿಸಿದರೆ ಸುಳ್ಳು ಎರಡು ಬಾಯಿಯಲ್ಲಿರುತ್ತದೆ, ಒಂದಲ್ಲ ಒಂದು ಬಾಯಿ ಸೋರುತ್ತದೆ. ಠಾಣೆಯ ರೈಟರ್ ಅದನ್ನು ಹಾಗೆಯೇ ಬರೆದುಕೊಂಡ, ಗುಮಾಸ್ತ ಓದಿ ನೋಡಿ ಸಹಿ ಹಾಕಿದ. "ಹುಡುಕೇ ಹುಡುಕ್ತೀವಿ" ಎಂದು ಸಾಹೇಬರು ಎದೆ ಮುಟ್ಟಿಕೊಂಡರು. ಗುಮಾಸ್ತ ಒಳಗೊಳಗೇ ನಕ್ಕ. ಕಳುವಾದ ಗಾಡಿಗಳ ಪಟ್ಟಿ ಪ್ರತಿ ತಿಂಗಳೂ ಅವನ ಮೇಜಿಗೇ ಬರುತ್ತಿತ್ತು. ಹೋದ ಬಿಳಿ ಕಾರೂ ಹೋದ ವಯಸ್ಸೂ ಒಂದೇ ಜಾತಿಯವು.

ಆಮೇಲಿನ ವಾರಗಳು ಅವನ ಜೀವನದ ಸುವರ್ಣಕಾಲ. ಹೆಂಡತಿ ಅತ್ತಳು, ಆದರೆ ಹೆಮ್ಮೆಯಿಂದ ಅತ್ತಳು. ಕಾರು ಕಳೆದುಕೊಂಡವಳ ಅಳುವಿಗೂ ಕಾರಿಲ್ಲದವಳ ಅಳುವಿಗೂ ಬಹಳ ವ್ಯತ್ಯಾಸವಿದೆ. ಬೀದಿಯವರು ಬಂದು ವಿಚಾರಿಸಿಕೊಂಡು ಹೋದರು. ಷಡ್ಡಕ ಕೂಡ ಬಂದ. ಸೋಫಾದ ತುದಿಯಲ್ಲಿ ಕುಳಿತು, "ಏನು ಮಾಡೋದಪ್ಪಾ, ಋಣ ಇರಲಿಲ್ಲ" ಎಂದ. ಕೀಗೊಂಚಲನ್ನು ಅವನು ಜೇಬಿನಿಂದ ಹೊರಗೆ ತೆಗೆಯಲಿಲ್ಲ. ಕಳೆದುಕೊಂಡವನ ಮುಂದೆ ಝಣಝಣ ಮಾಡುವುದು ಸಭ್ಯತೆಯಲ್ಲವಲ್ಲ.

ಅತ್ತೆಯಂತೂ ಚಿಕ್ಕ ಅಳಿಯನ ಕೈ ಹಿಡಿದುಕೊಂಡು, "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅಳಿಯಂದ್ರೇ" ಎಂದು ಕಣ್ಣೊರೆಸಿಕೊಂಡರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪಕ್ಕದಲ್ಲಿ ಅವರ ಬೀದಿಯ ಗೆಳತಿಯೊಬ್ಬರು ಕುಳಿತಿದ್ದರು.

"ಎಂಥಾ ಕಾರು ಅಂತೀರಾ," ಎಂದು ಅತ್ತೆ ಅವರ ಕಡೆ ತಿರುಗಿದರು. "ಒಂದು ಸಲ ಕೂತಿದ್ದೆನಲ್ಲ, ಹಾಸಿಗೆ ಮೇಲೆ ಕೂತಂಗೆ! ನಮ್ಮ ದೊಡ್ಡ ಅಳಿಯಂದ್ರದ್ದು ಸ್ವಲ್ಪ ಕುಲುಕುತ್ತೆ. ಇದು ಕುಲುಕ್ತಾನೇ ಇರಲಿಲ್ಲ."

ಗುಮಾಸ್ತ ಅತ್ತೆಯ ಮುಖ ನೋಡಿದ. ಅತ್ತೆ ಅವನ ಮುಖ ನೋಡಲಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಆ ಹೆಂಗಸಿನ ಮೇಲೆ ಅವನಿಗೆ ಗೌರವ ಹುಟ್ಟಿತು.

ಹೀಗೆ ಸುಖವಾಗಿರುವಾಗ ಒಂದು ಬೆಳಿಗ್ಗೆ ಠಾಣೆಯಿಂದ ಫೋನು ಬಂತು.

"ಸಾರ್, ಸಿಹಿ ಸುದ್ದಿ," ಎಂದರು ಸಾಹೇಬರು. "ನಿಮ್ಮ ಕಾರು ಸಿಕ್ತು."

ಗುಮಾಸ್ತ ಗೋಡೆ ಹಿಡಿದುಕೊಂಡ. ಹೆಂಡತಿ ಪಕ್ಕದಲ್ಲೇ ಇದ್ದಳು, ಫೋನಿನ ದನಿ ದೊಡ್ಡದಿತ್ತು. ಅವಳು ಕಿರುಚಿದ ಕಿರುಚಿಗೆ ಪಕ್ಕದ ಮನೆಯವರು ಬಂದರು. ಅವನು ಬಟ್ಟೆ ಹಾಕಿಕೊಳ್ಳುವಷ್ಟರಲ್ಲಿ ಅತ್ತೆಗೆ ಸುದ್ದಿ ಹೋಗಿ, ಷಡ್ಡಕನ ಕಾರಿನಲ್ಲಿ ಅತ್ತೆ, ಷಡ್ಡಕ ಇಬ್ಬರೂ ಬಾಗಿಲಿಗೆ ಬಂದು ನಿಂತಿದ್ದರು. ದಾರಿಯಲ್ಲಿ ಅವನ ತಲೆ ಮತ್ತೆ ನೆಟ್ಟಗಾಯಿತು. ಗಾಬರಿಯೇಕೆ? ಹುಟ್ಟದ ಮಗು ಸಿಗುವುದಿಲ್ಲ. ಅಲ್ಲಿ ಇರುವುದು ಬೇರೆ ಯಾರದೋ ಕಾರು. ನೋಡುವುದು, ತಲೆಯಾಡಿಸುವುದು, "ಇದಲ್ಲ" ಎನ್ನುವುದು. ಒಂದೇ ಮಾತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯಲ್ಲ ತಾನು.

ಠಾಣೆಯ ಹಿಂದಿನ ಅಂಗಳದಲ್ಲಿ, ತುಕ್ಕು ಹಿಡಿದ ಬೈಕುಗಳ ರಾಶಿಯ ಪಕ್ಕದಲ್ಲಿ, ಅದು ನಿಂತಿತ್ತು. ಬಿಳಿಯದು, ಬೀದಿಗೆ ಹತ್ತಾರು ಇರುವಂಥದ್ದು. ನಂಬರ್ ಪ್ಲೇಟ್ ಇರಲಿಲ್ಲ. ಒಂದು ಬಾಗಿಲು ನೆಗ್ಗಿತ್ತು, ಸೀಟಿನಿಂದ ಹತ್ತಿ ಇಣುಕುತ್ತಿತ್ತು. ಬಾನೆಟ್ಟಿನ ಮೇಲೆ ಒಂದು ಬೆಕ್ಕು ತನ್ನದೇ ಮನೆಯೆಂಬಂತೆ ಮಲಗಿತ್ತು. ಅದು ಹೊಸ ಕಾರಲ್ಲ ಎಂಬುದನ್ನು ಬೆಕ್ಕೂ ಹೇಳಬಹುದಾಗಿತ್ತು.

"ಹಾಳಾದೋರು, ಎಂಗೆ ಮಾಡಿದಾರೆ ನೋಡಿ," ಎಂದರು ಸಾಹೇಬರು. "ಚಾಸಿಸ್ ನಂಬರ್, ಎಂಜಿನ್ ನಂಬರ್, ಎರಡೂ ಉಜ್ಜಿ ಹಾಕವ್ರೆ. ಆದ್ರೆ ಬಿಳೀದು, ಅದೇ ಮಾಡೆಲ್ಲು. ನೀವು ಗುರುತು ಹಿಡಿದು ಒಂದು ಮಾತು ಹೇಳಿದ್ರೆ ಸಾಕು. ಬಿಡುಗಡೆ ಆರ್ಡರ್ ಕೂಡ ತರಿಸಿಟ್ಟಿದೀನಿ."

ಗುಮಾಸ್ತ ತಲೆಯಾಡಿಸಲು ಕತ್ತನ್ನು ಎಡಕ್ಕೆ ತಿರುಗಿಸಿದ. ಬಲಕ್ಕೆ ತಿರುಗಿಸುವ ಮೊದಲೇ ಅತ್ತೆ ಮುನ್ನುಗ್ಗಿದರು.

"ಇದೇ! ಇದೇ ನಮ್ಮ ಅಳಿಯಂದ್ರ ಕಾರು!" ಅವರು ಎರಡೂ ಕೈಯಿಂದ ಬಾಗಿಲನ್ನು ಸವರಿದರು. ಬೆಕ್ಕು ಎದ್ದು ಹೋಯಿತು. "ನಾನೇ ಕೂತಿದ್ದೀನಿ ಸ್ವಾಮಿ, ನನಗೆ ಗೊತ್ತಾಗಲ್ವಾ? ಅಯ್ಯೋ, ಹೊಸಾ ಕಾರನ್ನ ಏನು ಗತಿ ಮಾಡಿದಾರೆ ಪಾಪಿಗಳು!"

ಷಡ್ಡಕ ಕಾರನ್ನು ಸುತ್ತುಹಾಕಿ ಬಂದ. ಬಗ್ಗಿ ದೀಪ ನೋಡಿದ. "ಇದು ಹಳೇ ಮಾಡೆಲ್ ಇದ್ದಂಗಿದೆಯಲ್ಲ, ಅತ್ತೆ. ಟೈರ್ ನೋಡಿ, ಪೂರ್ತಿ ಸವೆದಿದೆ."

"ಕಳ್ಳರು ಸುಮ್ನೆ ನಿಲ್ಲಿಸಿಕೊಂಡಿರ್ತಾರಾ? ಓಡಿಸಿರ್ತಾರೆ, ಸವೆದಿದೆ," ಎಂದು ಅತ್ತೆ ಗದರಿದರು. "ದೊಡ್ಡ ಅಳಿಯಂದ್ರೇ, ನೀವು ಸ್ವಲ್ಪ ಸುಮ್ನಿರಿ."

ದೊಡ್ಡ ಅಳಿಯಂದಿರಿಗೆ ಅತ್ತೆ ಸುಮ್ಮನಿರಿ ಎಂದದ್ದು ಆ ಮನೆತನದ ಚರಿತ್ರೆಯಲ್ಲೇ ಮೊದಲು. ಷಡ್ಡಕ ಇಂಗು ತಿಂದ ಮಂಗನಂತೆ ನಿಂತ. ಗುಮಾಸ್ತನ ಕತ್ತು ಬಲಕ್ಕೆ ತಿರುಗುವ ವಿಚಾರವನ್ನು ಕೈಬಿಟ್ಟಿತು.

ಅವನ ಬುದ್ಧಿ ಈಗ ಮಿಂಚಿನಂತೆ ಓಡಿತು. ಹೊಲಿಗೆ ಯಂತ್ರದ ಸಂಖ್ಯೆಯನ್ನು ತಾಳೆ ನೋಡುವವರು ಯಾರು? ಸಂಖ್ಯೆಯನ್ನೇ ಕಳ್ಳರು ಉಜ್ಜಿಹಾಕಿದ್ದಾರೆ. ಪ್ಲೇಟು? ಕಳ್ಳರು ಕಿತ್ತಿದ್ದಾರೆ. ಈ ಕಾರಿನ ನಿಜವಾದ ಮಾಲೀಕ ಬಂದರೆ? ಕಡತ ಯಾರ ಹೆಸರಿನಲ್ಲಿದೆ, ಸ್ವಾಮಿ? ಅವನು ಕಡತವನ್ನು ಹುಟ್ಟಿಸಿದ್ದ, ಈಗ ಕಡತವು ಕಾರನ್ನು ಹುಟ್ಟಿಸಿತ್ತು. ಉಳಿದದ್ದು ಒಂದೇ ಅಪಾಯ. ಜೇಬಿನಲ್ಲಿದ್ದ ಬೀಗವಿಲ್ಲದ ಕೀಯನ್ನು ಅವನು ಬೆವರಿದ ಬೆರಳಿನಿಂದ ಮುಟ್ಟಿಕೊಂಡ.

"ನಿಮ್ಮ ಕೀ ಆಗಲ್ಲ ಸಾರ್," ಎಂದರು ಸಾಹೇಬರು, ಅವನ ಕೈ ನೋಡಿ. "ಲಾಕೇ ಬದಲಾಯಿಸವ್ರೆ. ಇಗೊಳ್ಳಿ, ಗಾಡಿಯೊಳಗೇ ಇತ್ತು. ಹೇಳಿ, ನಿಮ್ಮದೇ ತಾನೆ?"

ಗುಮಾಸ್ತ ಹೆಂಡತಿಯ ಕಡೆ ನೋಡಿದ. ಅವಳು ನೆಗ್ಗಿದ ಬಾಗಿಲನ್ನು, ಹರಿದ ಸೀಟನ್ನು, ಎಲ್ಲವನ್ನೂ ಕಣ್ತುಂಬ ನೋಡುತ್ತಿದ್ದಳು. ಆ ಮುಖ ಊಟದ ಮೇಜಿನ ದಿನದಂತೆ ಬೆಳಗುತ್ತಿತ್ತು.

"ನನ್ನದೇ," ಎಂದ. ಆ ಕ್ಷಣದಲ್ಲಿ ಅವನಿಗೂ ಅದು ನಿಜವೆನಿಸಿತ್ತು. ಸಹಿ ಹಾಕಿದ. ಸಾಹೇಬರು ಕೈಕುಲುಕಿದರು, ಪೇದೆಗಳು ಚಪ್ಪಾಳೆ ತಟ್ಟಿದರು, ಒಬ್ಬ ಪೇದೆ ಬ್ಯಾಟರಿ ಚಾರ್ಜ್ ಮಾಡಿ ಪೆಟ್ರೋಲನ್ನೂ ಹಾಕಿಟ್ಟಿರುವುದಾಗಿ ಹೇಳಿದ. "ಸೀದಾ ನಮ್ಮ ಮನೆಗೇ ನಡೀರಿ" ಎಂದು ಅತ್ತೆ ಹಿಂದಿನ ಬಾಗಿಲು ತೆಗೆದು ಕುಳಿತರು. "ದೊಡ್ಡ ಅಳಿಯಂದ್ರೇ, ನೀವು ಹಿಂದೆ ಬನ್ನಿ." ಹೆಂಡತಿ ಮುಂದೆ, ಎಡಗಡೆಯ ಸೀಟಿನಲ್ಲಿ, ಹತ್ತಿಯ ಮೇಲೆ, ರಾಣಿಯಂತೆ ಕುಳಿತಳು.

ಗುಮಾಸ್ತ ಕೀಯನ್ನು ಬೆರಳಿಗೆ ಸಿಕ್ಕಿಸಿ, ಷಡ್ಡಕನ ಮುಂದೆ ಒಮ್ಮೆ ಟಣ್ಣೆನಿಸಿದ. ಅಂಗಿ ಸರಿಮಾಡಿಕೊಂಡ. ಹಿಂದಿನ ಇನ್ನೊಂದು ಬಾಗಿಲು ತೆಗೆದು, ಅತ್ತೆಯ ಪಕ್ಕದಲ್ಲಿ ಆರಾಮವಾಗಿ ಕುಳಿತು, ಬಾಗಿಲೆಳೆದುಕೊಂಡು, ಕಿಟಕಿಗೆ ಮೊಣಕೈ ಊರಿ, "ಹೂಂ, ಹೊರಡೋಣ" ಎಂದ. ಕಾರು ಹೊರಡಲಿಲ್ಲ. ಹೆಂಡತಿ ಮೊದಲು ತನ್ನ ಪಕ್ಕದ ಖಾಲಿ ಸೀಟನ್ನು ನೋಡಿದಳು, ಆಮೇಲೆ ಹಿಂದಕ್ಕೆ ತಿರುಗಿ ಗಂಡನನ್ನು ನೋಡಿದಳು. ಅತ್ತೆ ನೋಡಿದರು. ಷಡ್ಡಕ ನೋಡಿದ, ಅವನ ತುಟಿ ಮೆಲ್ಲಗೆ ಅರಳತೊಡಗಿತು. ವಾಹನ ಕಚೇರಿಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದವನಿಗೆ ವಾಹನ ಓಡಿಸಲು ಬರುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಕಿತ್ತಳೆಯ ಉರುಳಾಟದವರೆಗೂ ಯೋಚಿಸಿದ್ದ ಗುಮಾಸ್ತ ಕೂಡ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಸ್ಟೀರಿಂಗನ್ನು ಅವನು ಜೀವನದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ಸಾಹೇಬರು ರೈಟರ್ ಕೈಯಿಂದ ದೂರಿನ ಹಾಳೆಯನ್ನು ತೆಗೆದುಕೊಂಡು, ನಿಧಾನವಾಗಿ ಓದಿ, ಕಿಟಕಿಯ ಹತ್ತಿರ ಬಗ್ಗಿದರು. "ಸಾರ್, ಮಾರ್ಕೆಟ್‌ಗೆ ಗಾಡೀಲಿ ನಾನೊಬ್ನೇ ಬಂದಿದ್ದೆ ಅಂತ ಬರೆಸಿದೀರಲ್ಲ," ಎಂದರು ಬಹಳ ಮರ್ಯಾದೆಯಿಂದ, "ಆವತ್ತೂ ಹಿಂದೇನೇ ಕೂತಿದ್ರಾ?"